ವಿಠಲಣ್ಣನ ಹೊಸ ಕಣ್ಣು

ಕಾಫಿ ಆಯಿತೋ ಇಲ್ಲವೋ ಎಂದು ನೋಡಲು ವಿನೋದಾ ಮೇಡಂ ಅಡುಗೆಮನೆಯ ಬಾಗಿಲು ತಳ್ಳಿದರು. ಬಾಗಿಲು ಅರ್ಧಕ್ಕೇ ನಿಂತಿತು. ಒಳಗೆ ಏನೋ ಅಡ್ಡ ಬಿದ್ದಿತ್ತು. ಇನ್ನೊಮ್ಮೆ ಜೋರಾಗಿ ತಳ್ಳಿ ಬಗ್ಗಿ ನೋಡಿದರು.

ಅಡ್ಡ ಬಿದ್ದದ್ದು ಒಂದು ಕಾಲು.

ವಿಠಲಣ್ಣ ಅಂಗಾತ ಬಿದ್ದಿದ್ದರು. ಹಣೆಯಿಂದ ಮೂಗಿನವರೆಗೆ ಜಜ್ಜಿಹೋಗಿತ್ತು. ಪಕ್ಕದಲ್ಲಿ ಅರೆಯುವ ಕಲ್ಲಿನ ಗುಂಡು. ಅದಕ್ಕೆ ರಕ್ತ ಮೆತ್ತಿ ಬಿಳಿ ಕೂದಲು ಅಂಟಿತ್ತು. ಕಣ್ಣಿನ ಆಪರೇಶನ್ ಆದ ಮೇಲೆ ಡಾಕ್ಟರು ಕೊಟ್ಟ ಪ್ಲಾಸ್ಟಿಕ್ಕಿನ ಕನ್ನಡಕ ಬೇಡವೆಂದು ಅವರು ತಮ್ಮ ಹಳೆಯ ಗಾಜಿನ ಕಪ್ಪು ಕನ್ನಡಕವನ್ನೇ ಹಾಕಿಕೊಳ್ಳುತ್ತಿದ್ದರು. ಅದು ಚೂರುಚೂರಾಗಿ ನೆಲದ ತುಂಬ ಹರಡಿತ್ತು. ಹೊಡೆದವನು ಒಂದೇಟಿಗೆ ಬಿಟ್ಟಿರಲಿಲ್ಲ. ಉಸಿರು ನಿಂತ ಮೇಲೂ ಹೊಡೆದಿದ್ದ. ಅದೂ ಕಣ್ಣಿಗೇ.

ವಿನೋದಾ ಮೇಡಂ ಕಿರುಚಿದ್ದು ರಸ್ತೆಯಾಚೆಯ ರಿಕ್ಷಾ ಸ್ಟ್ಯಾಂಡಿನವರೆಗೂ ಕೇಳಿಸಿತು.

ಡೊಂಬಿವಲಿ ಪೂರ್ವದಲ್ಲಿರುವ ಪಡುಗಡಲ ಕನ್ನಡ ಕೂಟದ ಕಟ್ಟಡ ಅದು. ಮುಂದೆ ಸಭಾಗೃಹ, ಹಿಂದೆ ಅಡುಗೆಮನೆ, ಅದಕ್ಕೆ ತಾಗಿ ಬಚ್ಚಲು. ಆ ಭಾನುವಾರ ಕೂಟದ ಚುನಾವಣೆ. ಬ್ಯಾಂಕಿನಿಂದ ನಿವೃತ್ತರಾದ ವಿನೋದಾ ಮೇಡಂ ಚುನಾವಣಾಧಿಕಾರಿ. ಹೋಟೆಲಿನವರು, ಆಫೀಸಿನವರು, ಅಜ್ಜಿಯಂದಿರು ಇನ್ನೂ ಒಬ್ಬೊಬ್ಬರೇ ಬರುತ್ತಿದ್ದರು.

ಮೊದಲು ಓಡಿ ಬಂದವನು ವಿಠಲಣ್ಣನ ಅಳಿಯ ಮುರಾರಿ. ಮಾವನ ತಲೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಬಿಳಿ ಅಂಗಿ ಎದೆಯಿಂದ ಹೊಟ್ಟೆಯವರೆಗೆ ಕೆಂಪಾಯಿತು. ಹಿಂದಿನಿಂದ ಬಂದವರಿಗೆ ಮೊದಲು ಕಂಡದ್ದೇ ಆ ಅಂಗಿ.

"ನಿನ್ನೆ ಸಂಜೆ ಮಾವನ ಹತ್ತಿರ ಜಗಳ ಆಡಿದ್ದು ಇವನೇ!" ಯಾರೋ ಕೂಗಿದರು.

"ಈ ಕಣ್ಣು ಯಾಕಾದರೂ ಬಂತೋ ಅಂತ ಹೇಳಿದ್ದನ್ನು ನಾನೇ ಕೇಳಿದ್ದೇನೆ ಮಾರಾಯ್ರೆ!"

ಅಷ್ಟು ಸಾಕಾಯಿತು. ಮುರಾರಿಯ ಕೂದಲು ಹಿಡಿದು ಸಭಾಗೃಹಕ್ಕೆ ಎಳೆದು ತಂದರು. ಕಬ್ಬಿಣದ ಕುರ್ಚಿ ಎತ್ತಿ ಒಬ್ಬ ಬೆನ್ನಿಗೆ ಹೊಡೆದ. ಇನ್ನೊಬ್ಬ ದವಡೆಗೆ ಒದ್ದ. ಹಲ್ಲು ಮುರಿದ ಸದ್ದು ಎಲ್ಲರಿಗೂ ಕೇಳಿತು, ಯಾರೂ ನಿಲ್ಲಿಸಲಿಲ್ಲ. ಆಗ ಒಳಗೆ ಬಂದವಳು ವಿಠಲಣ್ಣನ ಮಗಳು, ಮುರಾರಿಯ ಹೆಂಡತಿ ಸುಗುಣಾ. ಅಡುಗೆಮನೆಗೆ ಹೋಗಿ ಅಪ್ಪನನ್ನು ನೋಡಿದಳು. ಹೊರಗೆ ಬಂದು ಗಂಡನ ಅಂಗಿ ನೋಡಿದಳು. ಕಾಲಿನ ಚಪ್ಪಲಿ ತೆಗೆದು ಅವನ ಮುಖಕ್ಕೆ ಹೊಡೆದಳು. ಕೈ ಸೋಲುವವರೆಗೆ ಹೊಡೆದಳು.

* * *

ಅಸಿಸ್ಟೆಂಟ್ ಇನ್‌ಸ್ಪೆಕ್ಟರ್ ಸಂಜನಾ ಬಂದಾಗ ಮುರಾರಿಗೆ ಇನ್ನೂ ಜೀವ ಇತ್ತು. ಅದು ಅವನ ಅದೃಷ್ಟ. ಹವಾಲ್ದಾರ್ ಮ್ಹಾತ್ರೆ ಲಾಠಿ ಬೀಸಿ ಜನರನ್ನು ಚದುರಿಸಿದರು.

"ಸರಾ ಬಾಜೂಲಾ! ಮಾರತಾ ಕಾಯ್ ತ್ಯಾಲಾ?" ಪಕ್ಕಕ್ಕೆ ಸರಿಯಿರಿ, ಅವನನ್ನು ಸಾಯಿಸುತ್ತೀರಾ ಎಂಬ ಅವರ ಮರಾಠಿ ಗದರಿಕೆಗೆ ಕನ್ನಡ ಕೂಟ ಒಂದೇ ಸಲಕ್ಕೆ ಹಿಂದೆ ಸರಿಯಿತು.

ಸಂಜನಾ ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲೇ. ಅಪ್ಪ ಅಮ್ಮ ಕಾರ್ಕಳದ ಕಡೆಯವರು. ಮನೆಯಲ್ಲಿ ತುಳು, ಠಾಣೆಯಲ್ಲಿ ಮರಾಠಿ, ಇಂಥ ಕೂಟಗಳಲ್ಲಿ ಅಮ್ಮನಿಂದ ಕಲಿತ ಕನ್ನಡ. ಹೆಣ ನೋಡಿದಳು. ಬಚ್ಚಲು ನೋಡಿದಳು. ನೆಲ ಒದ್ದೆ ಇತ್ತು. ಬಚ್ಚಲಿನಿಂದ ಹಿತ್ತಲಿನ ಗೇಟಿಗೆ ದಾರಿ, ಗೇಟಿನ ಚಿಲಕ ತೆಗೆದಿತ್ತು. ರುಬ್ಬಲು ನೆನೆಹಾಕಿದ್ದ ಅಕ್ಕಿಯ ಪಾತ್ರೆಯಲ್ಲಿ ವಿಠಲಣ್ಣನ ಮೊಬೈಲು ಮುಳುಗಿ ಸತ್ತಿತ್ತು.

"ಇವರು ಯಾಕೆ ಅಷ್ಟು ಬೇಗ ಬಂದಿದ್ದರು?" ವಿನೋದಾ ಮೇಡಂ ಅವರನ್ನು ಕೇಳಿದಳು.

"ಕೀಲಿಕೈ ಇದ್ದದ್ದೇ ಅವರ ಹತ್ತಿರ. ದೀಪ ಹಚ್ಚುವುದು ಅವರು. ಬಾಗಿಲಲ್ಲಿ ಕೂರುವುದೂ ಅವರು."

"ಬಾಗಿಲಲ್ಲಿ?"

ವಿನೋದಾ ಮೇಡಂ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದರು. ಈ ಕೂಟದ ಪದ್ಧತಿಯೇ ಹಾಗೆ. ಮತ ಹಾಕಲು ಬಂದವರು ಕಾರ್ಡು ಪಾರ್ಡು ತೋರಿಸಬೇಕಿರಲಿಲ್ಲ. ಬಾಗಿಲಲ್ಲಿ ವಿಠಲಣ್ಣ ಕೂರುತ್ತಿದ್ದರು. ಕಲ್ಯಾಣದ ಹೋಟೆಲಿನಲ್ಲಿ ಇಡೀ ಆಯುಷ್ಯ ಅಡುಗೆ ಮಾಡಿದ ಮನುಷ್ಯ. ಈ ಸೀಮೆಯ ಕನ್ನಡಿಗರಲ್ಲಿ ಅರ್ಧದಷ್ಟು ಜನ ಅವರ ಕೈಯ ಊಟ ಉಂಡವರೇ. ಮುಖ ನೋಡುತ್ತಿದ್ದರು, 'ಹೂಂ' ಅನ್ನುತ್ತಿದ್ದರು. ಆ ಹೂಂ ಸಿಕ್ಕಿದರೆ ಮತಪತ್ರ ಸಿಕ್ಕಿತು.

"ಮಧ್ಯೆ ಕಣ್ಣಿಗೆ ಪೊರೆ ಬಂತು ನೋಡಿ. ಮುಖ ಕಾಣದೆ ಧ್ವನಿ ಕೇಳಿ ಹೂಂ ಅನ್ನಲು ಶುರು ಮಾಡಿದರು. ಕಳೆದ ಸಲ ಬೋಗಸ್ ಮತ ಬಿತ್ತು ಅಂತ ಗಲಾಟೆ ಆಯಿತು. ಅದಕ್ಕೇ ನಾನು ಫೋಟೋ ಇರುವ ಕಾರ್ಡು ಬೇಕು ಅಂದದ್ದು. ನಿಯಮ ಅಂದ ಮೇಲೆ ನಿಯಮ."

"ನಿಯಮವಂತೆ!" ಅಧ್ಯಕ್ಷ ಮೋಹನದಾಸ ಹಿಂದಿನಿಂದ ಗುಡುಗಿದರು. ಎರಡು ಹೋಟೆಲುಗಳ ಯಜಮಾನ, ಈ ಸಲವೂ ಅಭ್ಯರ್ಥಿ. "ನನ್ನ ಹೋಟೆಲಿನ ಹುಡುಗರ ಕಾರ್ಡಿನಲ್ಲಿ ಊರಿನ ವಿಳಾಸ ಉಂಟು. ಎಂಬತ್ತು ದಾಟಿದ ಅಜ್ಜಿಯ ಆಧಾರ್ ಮಗನ ಹತ್ತಿರ ಪುಣೆಯಲ್ಲಿ ಉಂಟು. ಅವರೆಲ್ಲ ಸದಸ್ಯರಲ್ಲವಾ? ನಮ್ಮವರನ್ನು ನಾವೇ ಬಾಗಿಲಿನಿಂದ ವಾಪಸ್ ಕಳಿಸುವುದಾ?"

"ನಿಮ್ಮ ಹೋಟೆಲಿನ ಹುಡುಗರಲ್ಲಿ ಎಷ್ಟು ಜನ ಸದಸ್ಯರು ಅಂತ ನನಗೂ ಗೊತ್ತುಂಟು ಮೋಹನದಾಸರೇ!"

"ಸಾಕು," ಸಂಜನಾ ಅಂದಳು. "ಕೊನೆಗೆ ಏನು ಅಂತ ತೀರ್ಮಾನ ಆಯಿತು?"

ರಾಜಿ ಆಗಿತ್ತು. ಕಾರ್ಡು ಇದ್ದವರು ಕಾರ್ಡು ತೋರಿಸುವುದು. ಇಲ್ಲದವರಿಗೆ ವಿಠಲಣ್ಣನ ಹೂಂ. ಅಷ್ಟರಲ್ಲಿ ಸುಗುಣಾ ಹಟ ಹಿಡಿದು ಅಪ್ಪನ ಕಣ್ಣಿನ ಆಪರೇಶನ್ ಮಾಡಿಸಿದ್ದಳು. ವಿಠಲಣ್ಣನಿಗೆ ಹೊಸ ಕಣ್ಣು ಬಂದಿತ್ತು.

"ಹೊಸ ಕಣ್ಣು ಬಂದದ್ದು ಯಾರಿಗೆ ಕಷ್ಟ?"

ವಿನೋದಾ ಮೇಡಂ ಮೋಹನದಾಸರನ್ನು ನೋಡಿದರು. ಮೋಹನದಾಸರು ನೆಲ ನೋಡಿದರು. ಅವರ ಪಂಗಡಕ್ಕೆ ಮತದಾರರನ್ನು ಸೇರಿಸುವ ಕೆಲಸ ಮುರಾರಿಯದು. ನಿನ್ನೆಯ ಜಗಳದ ವಿಷಯವೂ ಅದೇ. 'ನಾನು ಕರೆತಂದವರಿಗೆ ಹೂಂ ಅಂದುಬಿಡಿ ಮಾವ' ಎಂದು ಅಳಿಯ. 'ಸುಳ್ಳು ಹೇಳುವುದಕ್ಕೆ ಕಣ್ಣು ಮಾಡಿಸಿಕೊಂಡದ್ದಲ್ಲ' ಎಂದು ಮಾವ.

ಹೊರಗೆ, ಮೆಟ್ಟಿಲಿನ ಕೆಳಗೆ ಇನ್ನೊಬ್ಬ ಅಭ್ಯರ್ಥಿ ನಿಂತಿದ್ದರು. ಕಮಲಾಕ್ಷ. ಒಂದು ತಾಸು ದೂರದ ಕೋಪರಖೈರಣೆಯಲ್ಲಿ ಕೇಟರಿಂಗ್ ನಡೆಸುವವರು. ಎರಡು ವರ್ಷದ ಹಿಂದೆ ಕೂಟ ಸೇರಿ, ಕೈ ಬಿಚ್ಚಿ ಖರ್ಚು ಮಾಡಿ, ಈಗ ಮೋಹನದಾಸರ ಎದುರು ನಿಂತವರು. ಹೊಸ ಬಿಳಿ ಅಂಗಿ, ಒದ್ದೆ ಕೂದಲು. ಬಲ ಅಂಗೈಗೆ ಕರವಸ್ತ್ರ ಸುತ್ತಿತ್ತು.

"ನೀವು ಒಳಗೇ ಬರಲಿಲ್ಲವಂತೆ?"

"ಹೇಗೆ ಬರುವುದು ಮೇಡಂ? ಸೂತಕ ಉಂಟಲ್ಲ. ಬೆಳಿಗ್ಗೆ ಊರಿನಿಂದ ಫೋನ್ ಬಂತು, ದೊಡ್ಡಪ್ಪ ತೀರಿಕೊಂಡರು ಅಂತ. ನನ್ನ ಅಪ್ಪನ ಖಾಸಾ ಅಣ್ಣ. ನಮ್ಮ ಕುಟುಂಬದ ಯಜಮಾನರು. ತಲೆಗೆ ನೀರು ಹಾಕಿಕೊಂಡೇ ಮನೆ ಬಿಟ್ಟದ್ದು. ಒಳಗೆ ದೇವರ ದೀಪ ಇರುತ್ತದೆ. ಸೂತಕದವ ಮೆಟ್ಟಿಲು ಹತ್ತಬಾರದು."

"ಕೈಗೆ ಏನಾಯಿತು?"

"ತೆಂಗಿನಕಾಯಿ ಒಡೆಯುವಾಗ ಕತ್ತಿ ತಾಗಿತು. ನಮ್ಮ ಕಸುಬೇ ಹಾಗೆ." ಅವರು ತಲೆ ತಗ್ಗಿಸಿದರು. "ವಿಠಲಣ್ಣನಂಥವರಿಗೆ ಹೀಗೆ ಆಗಬಾರದಿತ್ತು. ಕಾರ್ಡು ಕಡ್ಡಾಯ ಮಾಡಿ, ಆ ಮುದುಕರನ್ನು ಬಾಗಿಲಲ್ಲಿ ಕೂರಿಸಬೇಡಿ ಅಂತ ನಾನು ಬಡಕೊಂಡೆ. ಯಾರು ಕೇಳಿದರು?"

ಪಕ್ಕದಲ್ಲಿದ್ದ ಹೆಂಗಸರು ನಿಟ್ಟುಸಿರು ಬಿಟ್ಟರು. ಅಷ್ಟು ದುಃಖದಲ್ಲೂ ಬಂದಿದ್ದಾರೆ ಪಾಪ, ಅಂದರು.

* * *

ಠಾಣೆಯಲ್ಲಿ ಮುರಾರಿಯ ಬಾಯಿಂದ ಮಾತಿಗಿಂತ ರಕ್ತವೇ ಹೆಚ್ಚು ಬರುತ್ತಿತ್ತು. ದವಡೆ ಮುರಿದಿತ್ತು. ಎರಡೂ ಕಣ್ಣು ಊದಿ ಮುಚ್ಚಿಹೋಗಿದ್ದವು.

"ಮೈ ನಹೀ ಮಾರಾ," ಅಂದ. ಮತ್ತೆ ಕನ್ನಡದಲ್ಲಿ, "ನಾನಲ್ಲ."

ಅಷ್ಟು ಹೇಳಿ ಪ್ರಜ್ಞೆ ತಪ್ಪಿದ. ಪಹರೆ ಹಾಕಿ ಸರಕಾರಿ ಆಸ್ಪತ್ರೆಗೆ ಕಳಿಸಿದರು.

"ಮ್ಯಾಡಮ್, ಓಪನ್ ಕೇಸ್ ಆಹೇ," ಮ್ಹಾತ್ರೆ ಅಂದರು. "ಜಗಳ ಇದೆ, ರಕ್ತ ಇದೆ, ಸಾಕ್ಷಿ ಇದೆ."

"ರಕ್ತ ಎದೆಯ ಮೇಲೆ ಇದೆ ಮ್ಹಾತ್ರೆ. ಮೆತ್ತಿಕೊಂಡಿದೆ, ಸಿಡಿದಿಲ್ಲ. ಕಲ್ಲು ಎತ್ತಿ ಅಷ್ಟು ಸಲ ಕುಕ್ಕಿದವನ ತೋಳಿಗೆ, ಪ್ಯಾಂಟಿಗೆ ಸಿಡಿಯಬೇಕಿತ್ತು. ಪ್ಯಾಂಟಿನ ಮೊಣಕಾಲಿನ ಕೆಳಗೆ ಒಂದು ಹನಿಯಿಲ್ಲ."

ಮೂಲೆಯ ಬೆಂಚಿನಲ್ಲಿ ಸುಗುಣಾ ಕೂತಿದ್ದಳು. ಅಳು ನಿಂತುಹೋಗಿತ್ತು. ಕೈಯಲ್ಲಿ ಇನ್ನೂ ಅದೇ ಚಪ್ಪಲಿ.

"ಮೇಡಂ, ನನಗೆ ಒಂದೇ ವಿಷಯ ಹೇಳಿ. ನನ್ನ ಅಪ್ಪನನ್ನು ಕೊಂದವನ ಜೊತೆ ಇಷ್ಟು ವರ್ಷ ನಾನು ಬಾಳಿದೆನಾ? ಹೌದಾದರೆ ಹೌದು ಅನ್ನಿ. ಮನೆಗೆ ಹೋಗಿ ಮಕ್ಕಳಿಗೆ ಅಪ್ಪ ಸತ್ತ ಅಂತ ಹೇಳುತ್ತೇನೆ. ಅಲ್ಲವಾದರೆ..." ಅವಳು ಚಪ್ಪಲಿ ಕೆಳಗಿಟ್ಟಳು. "ಅಲ್ಲವಾದರೆ ನಾನೇ ಅವರನ್ನು ಹೊಡೆದದ್ದು."

ಸಂಜನಾ ಅವಳ ಪಕ್ಕ ಕೂತಳು. "ಕಣ್ಣು ಬಂದ ಮೇಲೆ ಅಪ್ಪ ಏನಾದರೂ ವಿಚಿತ್ರ ಹೇಳಿದರಾ?"

"ವಿಚಿತ್ರವೇ ಹೇಳುತ್ತಿದ್ದರು. ಮೊನ್ನೆ ಎಲೆಕ್ಷನ್ನಿನ ಕರಪತ್ರ ಹಿಡಿದುಕೊಂಡು ಕೂತಿದ್ದರು. ಕಣ್ಣಿನ ಹತ್ತಿರ ತರುವುದು, ದೂರ ಹಿಡಿಯುವುದು. ಏನಪ್ಪ ಅಂದೆ. 'ಮಗಾ, ಹೊಸ ಕಣ್ಣಿಗೆ ಸತ್ತವರೂ ಕಾಣುತ್ತಾರೆ. ಸತ್ತವನೊಬ್ಬ ಎಲೆಕ್ಷನ್ನಿಗೆ ನಿಂತಿದ್ದಾನೆ' ಅಂದರು. ಕಣ್ಣಿಗೆ ಬಿಡುವ ಔಷಧಿ ತಲೆಗೆ ಏರಿತು ಅಂತ ನಾನು ನಕ್ಕೆ."

"ಯಾರು ಅಂತ ಹೇಳಲಿಲ್ಲವಾ?"

"'ಮೊದಲು ಅವನನ್ನೇ ಕೇಳುತ್ತೇನೆ, ನಾಲ್ಕು ಜನರ ಎದುರು ಮರ್ಯಾದೆ ತೆಗೆಯುವುದು ಬೇಡ' ಅಂದರು. ಅಪ್ಪ ಹಾಗೇ ಮೇಡಂ. ಹುಳಿಗೆ ಉಪ್ಪು ಜಾಸ್ತಿ ಹಾಕಿದ ಹುಡುಗನನ್ನು ಕೂಡ ಒಳಗೆ ಕರೆದೇ ಬೈಯುತ್ತಿದ್ದರು."

* * *

ಮಧ್ಯಾಹ್ನ ಅಮ್ಮನ ಫೋನ್ ಬಂತು.

"ಊಟ ಮಾಡಿದೆಯಾ?"

"ಇಲ್ಲಮ್ಮ. ಕೊಲೆ ಆಗಿದೆ."

"ಗೊತ್ತುಂಟು, ಎಲ್ಲ ವಾಟ್ಸಾಪಿನಲ್ಲಿ ಬಂದಿದೆ. ನೀನು ಎರಡು ತುತ್ತು ತಿಂದರೆ ಸತ್ತವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೇಳು, ಆ ಕಮಲಾಕ್ಷನ ಕಡೆ ಒಬ್ಬ ಹುಡುಗ ಇದ್ದಾನಂತೆ, ಇಂಜಿನಿಯರ್..."

"ಅಮ್ಮ! ಈಗ ಕೇಳಬೇಡ. ಅವರಿಗೆ ಸೂತಕ. ದೊಡ್ಡಪ್ಪ ತೀರಿಕೊಂಡಿದ್ದಾರೆ. ಅಪ್ಪನ ಅಣ್ಣ."

"ಅಯ್ಯೋ ಪಾಪ." ಅಮ್ಮ ಲೊಚಗುಟ್ಟಿದರು. "ಅಪ್ಪನ ಅಣ್ಣನಾ? ಅದಕ್ಕೆ ಇವನಿಗೆಂಥ ಸೂತಕ?"

"ಅವರ ಕುಟುಂಬದ ಯಜಮಾನರಂತೆ."

"ಅಪ್ಪನ ಅಣ್ಣ ಇವನ ಕುಟುಂಬಕ್ಕೆ ಯಜಮಾನ ಆಗುವುದು ಹೇಗೆ ಮಗಾ? ಅವನು ಉಡುಪಿ ಕಡೆಯವ, ನಮ್ಮ ಜಾತಿಯವನೇ ಅಲ್ಲವಾ? ನಮ್ಮಲ್ಲಿ ಕುಟುಂಬ ಅಂದರೆ ತಾಯಿಯದು. ನೀನು ನನ್ನ ಕುಟುಂಬ. ನಿನ್ನ ಅಪ್ಪ ಅವರ ಅಮ್ಮನ ಕುಟುಂಬ. ನಮ್ಮ ಯಜಮಾನ ಅಂದರೆ ನನ್ನ ಅಣ್ಣ, ನಿನ್ನ ಸೋದರಮಾವ. ನಿನ್ನ ಅಪ್ಪನ ಅಣ್ಣ ಸತ್ತಾಗ ಸೂತಕ ಹಿಡಿದದ್ದು ಅವರ ಅಕ್ಕತಂಗಿಯರ ಮಕ್ಕಳು. ನೀನು ಮಾರನೇ ದಿನವೇ ದೇವಸ್ಥಾನಕ್ಕೆ ಹೋಗಿದ್ದೆಯಲ್ಲ, ನೆನಪಿಲ್ಲವಾ?"

"ಮುಂಬೈಯಲ್ಲಿ ಇದ್ದೂ ಇದ್ದೂ ಮರೆತಿರಬಹುದು."

"ಇರುವ ಸೂತಕ ಮರೆಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಇಲ್ಲದ ಸೂತಕ ಹಿಡಿಯುವವರನ್ನು ನಾನು ಕಂಡಿಲ್ಲ. ಅದೆಲ್ಲ ಘಟ್ಟದ ಮೇಲಿನವರ ಕ್ರಮ, ಅಪ್ಪನ ಕಡೆಯದು."

ಸಂಜನಾ ಎದ್ದು ನಿಂತಳು.

"ಅಮ್ಮ, ನೀನು ಪೊಲೀಸ್ ಆಗಬೇಕಿತ್ತು."

"ನಾನು ಪೊಲೀಸ್ ಆದರೆ ನಿನಗೆ ಹುಡುಗನನ್ನು ಹುಡುಕುವವರು ಯಾರು? ಊಟ ಮಾಡು."

* * *

ಕಲ್ಯಾಣ ಪಶ್ಚಿಮದ ಹಳೆಯ ಕಟ್ಟಡವೊಂದರ ಮೊದಲ ಮಹಡಿ. ತಾರಾನಾಥರು ಹೋಟೆಲು ಮಾರಿ ಬಹಳ ಕಾಲವಾಗಿತ್ತು. ವಿಠಲಣ್ಣ ಅಡುಗೆ ಮಾಡುತ್ತಿದ್ದದ್ದು ಅವರ ಹೋಟೆಲಿನಲ್ಲೇ. ಸುದ್ದಿ ಕೇಳಿ ಅತ್ತು ಕಣ್ಣು ಕೆಂಪಾಗಿತ್ತು.

"ಕೂತುಕೊಳ್ಳಿ. ಕಾಫಿಯಾ, ಚಹಾವಾ? ಪೊಲೀಸರಿಗೆ ಎರಡನ್ನೂ ಪುಕ್ಕಟೆ ಕೊಟ್ಟು ನನಗೆ ಅಭ್ಯಾಸ ಉಂಟು."

ಸಂಜನಾ ಕರಪತ್ರ ತೆಗೆದಳು. ಹೆಸರಿನ ಭಾಗ ಮಡಚಿ ಕಮಲಾಕ್ಷನ ಫೋಟೋ ಮಾತ್ರ ತೋರಿಸಿದಳು. ಮುದುಕರು ಕನ್ನಡಕ ಹುಡುಕಿ ಹಾಕಿಕೊಂಡರು. ನೋಡಿದರು. ಕೈ ಹಿಂದೆ ತೆಗೆದುಕೊಂಡರು.

"ಇದೆಲ್ಲಿ ಸಿಕ್ಕಿತು? ಇವನು ಸತ್ತಿದ್ದಾನಲ್ಲ!"

"ಯಾರು ಇವನು?"

"ಶಂಕ್ರೆಪ್ಪ. ಬಿಜಾಪುರದ ಕಡೆಯವ. ನಮ್ಮಲ್ಲಿ ಸಪ್ಲೈ ಮಾಡುತ್ತಿದ್ದ. ಮುಖ ತುಂಬಿದೆ, ಕೂದಲು ನರೆತಿದೆ, ಆದರೆ ಈ ಹುಬ್ಬು ನೋಡಿ, ನಡುವೆ ಕಡಿದಂತೆ ಉಂಟಲ್ಲ. ಬಿಸಿ ತವಾ ತಾಗಿದ್ದು. ಔಷಧಿ ಹಚ್ಚಿದ್ದು ವಿಠಲನೇ. ಆ ಕಡೆಯಿಂದ ಬಂದ ಎಷ್ಟೋ ಹುಡುಗರು ನಮ್ಮಲ್ಲಿ ದುಡಿದರು, ಬಂಗಾರದಂಥವರು. ಆರು ತಿಂಗಳಲ್ಲಿ ನಮಗಿಂತ ಚಂದ ತುಳು ಮಾತಾಡುತ್ತಿದ್ದರು. ಇವನೊಬ್ಬ ಮಾತ್ರ ಸಿಟ್ಟು ಬಂದರೆ ಮೃಗ."

"ಸತ್ತದ್ದು ಹೇಗೆ?"

"ರೈಲಿಗೆ. ಆಗಿನ್ನೂ ಹುಡುಗ. ಮುಖ ಗುರುತು ಸಿಗುವ ಹಾಗಿರಲಿಲ್ಲವಂತೆ. ಅಂಗಿ ನೋಡಿ ಗುರುತು ಹಿಡಿದದ್ದು ಅವನ ರೂಮಿನ ಜೊತೆಗಾರ. ಅವನೂ ನಮ್ಮಲ್ಲೇ ಕೆಲಸಕ್ಕಿದ್ದ, ಉಡುಪಿಯ ಕಡೆಯ ಪಾಪದ ಹುಡುಗ. ರೈಲ್ವೆ ಪೊಲೀಸರಿಗೆ ಹೇಳಿಕೆ ಕೊಟ್ಟು ಹೆದರಿ ಊರಿಗೆ ಓಡಿದವ ಮತ್ತೆ ಹೋಟೆಲಿಗೆ ಬರಲೇ ಇಲ್ಲ."

"ಆ ಜೊತೆಗಾರನ ಹೆಸರು?"

"ಕಮಲಾಕ್ಷ."

ಸಂಜನಾ ಕರಪತ್ರದ ಮಡಿಕೆ ಬಿಡಿಸಿದಳು. ಫೋಟೋದ ಕೆಳಗಿನ ಹೆಸರು ಓದಿ ತಾರಾನಾಥರು ಗೋಡೆ ಹಿಡಿದುಕೊಂಡರು.

* * *

ಕೋಪರಖೈರಣೆಯ ಕೇಟರಿಂಗ್ ಅಡುಗೆಮನೆಯಲ್ಲಿ ದೊಡ್ಡ ಬಾಣಲೆಯಲ್ಲಿ ಎಣ್ಣೆ ಕುದಿಯುತ್ತಿತ್ತು. ಸಂಜೆ ಮದುವೆಯೊಂದಕ್ಕೆ ಬೋಂಡಾ ಹೋಗಬೇಕಿತ್ತು. ಸೂತಕದವನು ಒಲೆಯ ಮುಂದೆ ನಿಂತು ಕೆಲಸದವರಿಗೆ ಬೈಯುತ್ತಿದ್ದ.

"ಏನು ಮೇಡಂ, ಇಲ್ಲಿವರೆಗೆ? ಮುರಾರಿ ಒಪ್ಪಿಕೊಂಡನಾ?"

"ಅಂಗೈ ತೋರಿಸಿ."

"ಹೇಳಿದೆನಲ್ಲ, ಕತ್ತಿ..."

"ಕತ್ತಿಯ ಗಾಯದಲ್ಲಿ ಗಾಜು ಇರುವುದಿಲ್ಲ. ಬಿಚ್ಚು ಶಂಕ್ರೆಪ್ಪ."

ಆ ಹೆಸರು ಕೇಳಿ ಅವನ ಮುಖದಿಂದ ಕಮಲಾಕ್ಷ ಇಳಿದುಹೋದ. ಎರಡು ವರ್ಷದಿಂದ ಕೂಟದ ವೇದಿಕೆಯಲ್ಲಿ ನಗುತ್ತಿದ್ದ ಮನುಷ್ಯ ಅದಲ್ಲ.

ಉದ್ದ ಹಿಡಿಯ ಸೌಟಿನಿಂದ ಕುದಿಯುವ ಎಣ್ಣೆಯನ್ನು ಚಿಮ್ಮಿದ. ಸಂಜನಾಳನ್ನು ಪಕ್ಕಕ್ಕೆ ತಳ್ಳಿದ ಮ್ಹಾತ್ರೆಯ ತೋಳಿಗೆ ಎಣ್ಣೆ ಬಿತ್ತು. ಚರ್ಮ ಸುಟ್ಟ ವಾಸನೆ ಎದ್ದಿತು. ಮ್ಹಾತ್ರೆ ಕೂಗಿ ಕುಸಿದರು. ಕೆಲಸದವರು ಬಾಗಿಲಿಗೆ ಓಡಿದರು. ಅವನು ತೆಂಗಿನಕಾಯಿಯ ಕತ್ತಿ ಎತ್ತಿಕೊಂಡ.

"ಯಾರಲೇ ಶಂಕ್ರೆಪ್ಪ? ಸತ್ತಾನವ! ನಾನ ಕೊಂದೀನಿ ಅವನ್ನ!"

ಮೊದಲ ಏಟು ಸಂಜನಾಳ ಕಿವಿಯ ಪಕ್ಕ ಹಾದು ಮರದ ಮೇಜಿಗೆ ನಾಟಿತು. ಅವನು ಕತ್ತಿ ಕಿತ್ತುಕೊಳ್ಳುವಷ್ಟರಲ್ಲಿ ಅವಳ ಲಾಠಿ ಮೊಣಕೈಗೆ ಬಿತ್ತು. ಎಲುಬು ಲಟ್ಟೆಂದಿತು. ಆದರೂ ಎಡಗೈಯಿಂದ ಅವಳ ಕುತ್ತಿಗೆ ಹಿಡಿದ. ಅವಳ ಬೆನ್ನು ಒಲೆಯ ಕಡೆಗೆ ಬಾಗಿತು. ಬಾಣಲೆಯ ಕಾವು ಕೂದಲಿಗೆ ತಟ್ಟಿತು. ಕಣ್ಣು ಕತ್ತಲೆ ಬಂತು. ಮೊಣಕಾಲಿನಿಂದ ಹೊಟ್ಟೆಗೆ ಗುದ್ದಿದಳು. ಮತ್ತೆ ಗುದ್ದಿದಳು. ಅವನ ಹಿಡಿತ ಸಡಿಲವಾಯಿತು. ನೆಲದಲ್ಲಿ ಬಿದ್ದಿದ್ದ ಮ್ಹಾತ್ರೆ ಒಳ್ಳೆಯ ಕೈಯಿಂದ ಅವನ ಕಾಲು ಎಳೆದರು. ಚೆಲ್ಲಿದ ಎಣ್ಣೆಯ ಮೇಲೆ ಅವನು ಮುಖ ಅಡಿಯಾಗಿ ಬಿದ್ದು ಅರಚಿದ.

ಬೇಡಿ ಹಾಕಿ ಸಂಜನಾ ಕರವಸ್ತ್ರ ಬಿಚ್ಚಿದಳು. ಅಂಗೈಯ ಗಾಯದ ಆಳದಲ್ಲಿ ಕಪ್ಪು ಗಾಜಿನ ಚೂರು ಮಿನುಗುತ್ತಿತ್ತು.

* * *

ಠಾಣೆಯಲ್ಲಿ ವಿನೋದಾ ಮೇಡಂ, ಮೋಹನದಾಸ, ಸುಗುಣಾ ಮೂವರೂ ಕೂತಿದ್ದರು. ಸಂಜನಾಳ ಕುತ್ತಿಗೆಯ ಮೇಲೆ ಐದು ಬೆರಳುಗಳು ನೀಲಿಗಟ್ಟಿದ್ದವು.

"ಊರಿನಲ್ಲಿ ಒಬ್ಬನನ್ನು ಕೊಡಲಿಯಿಂದ ಕಡಿದು ಓಡಿಬಂದವನು ಶಂಕ್ರೆಪ್ಪ," ಅವಳು ಹೇಳಿದಳು. "ಪೊಲೀಸರು ಕಲ್ಯಾಣದವರೆಗೆ ಹುಡುಕಿಕೊಂಡು ಬಂದರು. ಜೊತೆಯಲ್ಲಿ ಮಲಗುತ್ತಿದ್ದ ಕಮಲಾಕ್ಷನಿಗೆ ತನ್ನ ಅಂಗಿ ತೊಡಿಸಿ ರೈಲಿಗೆ ತಳ್ಳಿದ. ತಾನೇ ಕಮಲಾಕ್ಷ ಅಂತ ಹೇಳಿ, ಹೆಣ ಶಂಕ್ರೆಪ್ಪನದು ಅಂತ ಗುರುತಿಸಿದ. ಕೊಲೆಗಾರ ಸತ್ತ ಅಂತ ಹುಡುಕಾಟ ನಿಂತಿತು. ಕಮಲಾಕ್ಷನ ಶಾಲೆಯ ಸರ್ಟಿಫಿಕೇಟು ಅವನ ಪೆಟ್ಟಿಗೆಯಲ್ಲಿತ್ತು. ಅದರಿಂದ ರೇಶನ್ ಕಾರ್ಡು, ಅದರಿಂದ ವೋಟರ್ ಕಾರ್ಡು, ಅದರಿಂದ ಆಧಾರ್. ಎಲ್ಲದರಲ್ಲೂ ಇವನದೇ ಫೋಟೋ. ಕಾರ್ಡು ಅಸಲಿ, ಮನುಷ್ಯ ನಕಲಿ. ಮದುವೆಯಾದದ್ದು ಇಲ್ಲಿಯ ಮರಾಠಿ ಹುಡುಗಿಯನ್ನು. ನಮ್ಮವರಿಂದ ದೂರವೇ ಇದ್ದ. ದುಡ್ಡು ಆದ ಮೇಲೆ ಹೆಸರಿನ ಆಸೆ ಬಂತು, ಕೂಟ ಸೇರಿದ."

"ವಿಠಲಣ್ಣ ಇಲ್ಲಿ ಇದ್ದಾರೆ ಅಂತ ಗೊತ್ತಿರಲಿಲ್ಲವಾ?" ವಿನೋದಾ ಮೇಡಂ ಕೇಳಿದರು.

"ಗೊತ್ತಾದಾಗ ಅವರಿಗೆ ಪೊರೆ ಬಂದಿತ್ತು. ಮುಖ ಕಾಣುತ್ತಿರಲಿಲ್ಲ. ಆದರೂ ಹೆದರಿಕೆ. ಅದಕ್ಕೇ ಕಾರ್ಡು ಬೇಕು, ಮುದುಕರನ್ನು ಎಬ್ಬಿಸಿ ಅಂತ ಎಲ್ಲರಿಗಿಂತ ಜೋರಾಗಿ ಕೂಗಿದವನು ಅವನೇ. ಅವನ ಹತ್ತಿರ ಕಾರ್ಡು ಇತ್ತು. ಅವನಿಗೆ ಬೇಡವಾದದ್ದು ವಿಠಲಣ್ಣನ ಕಣ್ಣು."

ಕಣ್ಣು ಬಂತು. ಕರಪತ್ರ ನೋಡಿದ ವಿಠಲಣ್ಣ ಅದರಲ್ಲಿದ್ದ ನಂಬರಿಗೇ ಫೋನ್ ಮಾಡಿದ್ದರು. ಮೊಬೈಲ್ ಕಂಪನಿಯಿಂದ ಕರೆಯ ವಿವರ ಬಂದಿತ್ತು, ಉಳಿದದ್ದನ್ನು ಅವನೇ ಬಾಯಿಬಿಟ್ಟಿದ್ದ. ಎಲ್ಲರಿಗಿಂತ ಮೊದಲು ಬಾ, ಮಾತಾಡೋಣ, ಅಂದಿದ್ದರು. ಅವನು ಹಿತ್ತಲಿನಿಂದ ಬಂದ. ನಿಜವಾದ ಕಮಲಾಕ್ಷ ಎಲ್ಲಿ ಅಂತ ವಿಠಲಣ್ಣ ಕೇಳಿದರು. ಅವನು ಕಲ್ಲು ಎತ್ತಿದ. ಬಚ್ಚಲಿನಲ್ಲಿ ಸ್ನಾನ ಮಾಡಿ, ಕಾರಿನಲ್ಲಿದ್ದ ಹೊಸ ಬಟ್ಟೆ ಹಾಕಿ, ಸುತ್ತಿಬಂದು ಮುಂಬಾಗಿಲಿನಲ್ಲಿ ನಿಂತ. ರಕ್ತದ ಬಟ್ಟೆ ಕಾರಿನ ಡಿಕ್ಕಿಯಲ್ಲೇ ಸಿಕ್ಕಿತ್ತು.

"ಕೂದಲು ಒದ್ದೆ ಇತ್ತಲ್ಲ, ಅದಕ್ಕೊಂದು ಕಾರಣ ಬೇಕಾಯಿತು. ಸಾವಿನ ಸ್ನಾನ ಅಂದ. ಕೋಪರಖೈರಣೆಯಿಂದ ಇಲ್ಲಿಗೆ ಬರುವಷ್ಟರಲ್ಲಿ ಕೂದಲು ಒಣಗಬೇಕಿತ್ತು, ಅದು ಒಂದು. ಇನ್ನೊಂದು, ಯಾರನ್ನಾದರೂ ಸಾಯಿಸಬೇಕಲ್ಲ? ಸೋದರಮಾವ ಸತ್ತರು ಅಂದಿದ್ದರೆ ನಾನೂ ನಂಬುತ್ತಿದ್ದೆ. ಹುಟ್ಟಿ ಬೆಳೆದ ಮನೆಯ ಕ್ರಮ ಬಾಯಿಗೆ ಬಂತು, ಅಪ್ಪನ ಅಣ್ಣ ಅಂದ. ತಾಯಿಯ ಕುಟುಂಬದವನು ಅಪ್ಪನ ಅಣ್ಣನಿಗೆ ಸೂತಕ ಹಿಡಿಯುವುದಿಲ್ಲ. ತುಳು ಕಲಿತಿದ್ದ, ಕಾರ್ಡು ಮಾಡಿಸಿದ್ದ. ಅಳಬೇಕಾದದ್ದು ಯಾರಿಗೆ ಅಂತ ಅವನಿಗೆ ಹೇಳಿಕೊಟ್ಟವರಿರಲಿಲ್ಲ."

ಮೋಹನದಾಸರು ವಿನೋದಾ ಮೇಡಂ ಕಡೆ ತಿರುಗಿದರು. "ನೋಡಿದಿರಾ? ಕಾರ್ಡು ಕಾರ್ಡು ಅಂದಿರಿ. ಅವನ ಕಾರ್ಡು ಫಸ್ಟ್‌ಕ್ಲಾಸ್ ಇತ್ತು."

"ಇತ್ತು. ನೀವು ಮುರಾರಿಯ ಕೈಯಲ್ಲಿ ಕರೆಸಿದವರ ಹತ್ತಿರ ಅದೂ ಇರಲಿಲ್ಲ. ನಿಮ್ಮ ಬೋಗಸ್ ಮತದ ಜಗಳ ಇಲ್ಲದಿದ್ದರೆ ಆ ಹುಡುಗನ ಮೇಲೆ ಯಾರು ಕೈ ಮಾಡುತ್ತಿದ್ದರು?"

ಆ ಸಭಾಗೃಹದಲ್ಲಿ ಕುರ್ಚಿ ಎತ್ತಿದವರಲ್ಲಿ ಇಬ್ಬರು ಮೋಹನದಾಸರ ಪಂಗಡದವರೇ. ಅವರ ಹೆಸರೂ ಸಂಜನಾಳ ಮೇಜಿನ ಮೇಲೆ ಇತ್ತು.

ಸುಗುಣಾ ಇವರ ಮಾತು ಕೇಳುತ್ತಿರಲಿಲ್ಲ. ಆಗಲೇ ಎದ್ದು ಹೋಗಿದ್ದಳು.

* * *

ಮಾರನೇ ದಿನ ಸರಕಾರಿ ಆಸ್ಪತ್ರೆಯ ಕೌಂಟರಿನಲ್ಲಿ ಸಾಲು ಉದ್ದವಿತ್ತು. ಪಹರೆ ತೆಗೆದಿದ್ದರು. ಮುರಾರಿಯ ದವಡೆಗೆ ಆಪರೇಶನ್ ಆಗಬೇಕಿತ್ತು, ಅದಕ್ಕೆ ಹೆಸರು ಬರೆಸಬೇಕಿತ್ತು. ಗಾಲಿಕುರ್ಚಿಯಲ್ಲಿ ಅವನು, ಹಿಂದೆ ಸುಗುಣಾ.

ಗುಮಾಸ್ತ ಆಧಾರ್ ಕಾರ್ಡು ತೆಗೆದುಕೊಂಡ. ಫೋಟೋ ನೋಡಿದ. ಗಾಲಿಕುರ್ಚಿ ನೋಡಿದ. ಮುಖ ಕುಂಬಳಕಾಯಿಯಷ್ಟು ಊದಿತ್ತು, ನೀಲಿ, ಕಪ್ಪು, ಹೊಲಿಗೆ.

"ಬಾಯಿ, ಫೋಟೋ ಮ್ಯಾಚ್ ಹೋತ್ ನಾಹೀ," ಅಂದ. ಫೋಟೋ ಹೊಂದುತ್ತಿಲ್ಲವಂತೆ. "ಹೇ ಕೋಣ್ ಆಹೇತ್?"

"ಮಾಝೇ ಮಿಸ್ಟರ್," ಸುಗುಣಾ ಅಂದಳು. ನನ್ನ ಗಂಡ. ಗುಮಾಸ್ತ ಇನ್ನೂ ನೋಡುತ್ತಲೇ ಇದ್ದ. ಅವಳ ಧ್ವನಿ ಏರಿತು. "ನಾನು ಹೇಳುತ್ತಿದ್ದೇನಲ್ಲ! ಇವರು ನನ್ನ ಗಂಡ, ಮುರಾರಿ. ನನಗೆ ಗುರುತು ಉಂಟು!"

ಕನ್ನಡ ಅರ್ಥವಾಗದಿದ್ದರೂ ಗುಮಾಸ್ತ ಬರೆದುಕೊಂಡ.

ಮುರಾರಿ ಕುತ್ತಿಗೆ ತಿರುಗಿಸಿದ. ಒಂದು ಕಣ್ಣು ಸೀಳಿನಷ್ಟು ತೆರೆದಿತ್ತು. ತಂತಿ ಬಿಗಿದ ಹಲ್ಲುಗಳ ನಡುವೆ ಮಾತು ನುಸುಳಿ ಬಂತು.

"ನಿನ್ನೆ ಗುರುತು ಸಿಗಲಿಲ್ಲ ಅಲ್ವಾ?"

ಸುಗುಣಾ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದಳು.

"ಸಿಗಲಿಲ್ಲ," ಅಂದಳು.

ಹಿಂದಿನವರು ಮುಂದೆ ಹೋಗಿ ಎಂದು ಕೂಗಿದರು. ಅವಳು ಕುರ್ಚಿ ತಳ್ಳಿದಳು.